ಕೆಂಪು ಗೆರೆ ಎಳೆದವನು ನಾನೇ

ನಾಚಿಕೆಯಿಂದ ಇದನ್ನು ಹೇಳದೆ ಮುಂದೂಡುತ್ತ ಬಂದೆ. ಯುಗಾದಿಗೆ ಮುಂಚೆ, ಹರಿಹರದ ತಂಗಿಗೆ ಮೊಬೈಲಿನಲ್ಲಿ ಸಂದೇಶ ಬರೆಯುತ್ತಿದ್ದ ನನ್ನ ಹೆಂಡತಿ ಕೇಳಿದಳು: “ಏನ್ರೀ, ‘ಹಬ್ಬ ಐತೆ, ಬಾರೇ’ ಅಂತ ಬರೆದ್ರೆ ‘ಐತೆ’ ಕೆಳಗೆ ಕೆಂಪು ಗೆರೆ ಬರ್ತೈತಲ್ರೀ. ನಾ ಮಾತಾಡೋದೇ ತಪ್ಪಾ?”

“ಯಾರಂದ್ರು ತಪ್ಪು ಅಂತ? ಸರಿಯಾಗೇ ಐತೆ!” ಎಂದುಬಿಟ್ಟೆ.

ತಪ್ಪು ಎಂದವನು ನಾನೇ. ಮೊಬೈಲಿನಲ್ಲಿ ಆ ಗೆರೆ ಎಳೆಯುವ ಕಾಗುಣಿತದ ತಂತ್ರಾಂಶ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಇನ್ನೊಬ್ಬರು ಪರಿಶೀಲಿಸಿ ಒಪ್ಪಿದರೆ ಅದು ಸೇರುತ್ತದೆ. ದಾವಣಗೆರೆಯ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದ ನಾನು ಅಲ್ಲಿ ಪದಗಳನ್ನು ಪರಿಶೀಲಿಸುತ್ತೇನೆ. ಭಾನುವಳ್ಳಿಯ ಶಾಹೀನಾ ಎಂಬ ಹುಡುಗಿ ‘ಐತೆ’, ‘ಬ್ಯಾಡ’, ‘ಹೆಂಗೆ’ ಸೇರಿಸುವ ಕೋಡ್ ಕಳಿಸಿದ್ದಳು. “ಮೊದಲು ಕನ್ನಡ ಕಲಿಯಿರಿ” ಎಂದು ಎಲ್ಲರಿಗೂ ಕಾಣುವಂತೆ ಬರೆದು ಅದನ್ನು ತಿರಸ್ಕರಿಸಿದ್ದೆ. ಅವಳು ಮತ್ತೇನನ್ನೂ ಕಳಿಸಲಿಲ್ಲ.

ಅಂದು ಸಂಜೆಯೇ ಅವಳ ತಿದ್ದುಪಡಿಯನ್ನು ಹುಡುಕಿ ಒಪ್ಪಿದೆ. ಈಗ ಹೆಂಡತಿ ಬರೆದದ್ದಕ್ಕೆ ಗೆರೆ ಬೀಳುವುದಿಲ್ಲ, ತಂಗಿಗೆ ದಿನವೂ ಉದ್ದುದ್ದ ಬರೆಯುತ್ತಾಳೆ. ಅದನ್ನು ನೋಡುವುದೇ ನನಗೊಂದು ಸಂತೋಷ. ಆದರೆ ಒಪ್ಪುವಾಗಲೂ ‘ಸರಿಯಾಗಿದೆ’ ಎಂದಷ್ಟೇ ಬರೆದಿದ್ದೆ, ಕ್ಷಮೆ ಕೇಳಿರಲಿಲ್ಲ. ತಪ್ಪು ನಂದೇ ಐತೆ, ತಾಯಿ ಶಾಹೀನಾ.