ಕೌಪ್ ಎಂಬ ಊರು

ಶನಿವಾರ ಊಟದ ಹೊತ್ತು ಕಳೆದ ಮೇಲೆ ಮಣಿಪಾಲದಿಂದ ಫೋನು ಬರುತ್ತಿತ್ತು. "ಮೇಡಂ, ಹೊರಗ ಬರ್ರಿ." ಹೊರಗೆ ಬರಬೇಕಾದದ್ದು ಲೈಬ್ರರಿಯಿಂದಲ್ಲ, ಕಂಪ್ಯೂಟರಿನ ಡೇಟಾಬೇಸಿನಿಂದ. ನಾನು ಹೊರಗೆ ಬಂದ ಮೇಲೆ ಫೋನು ಮಾಡಿದ ಇಂಜಿನಿಯರ್ ಒಳಗೆ ಹೋಗಿ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದ. ನಮ್ಮ ಪುಸ್ತಕಗಳ, ಓದುಗರ ವಿವರಕ್ಕೆಲ್ಲ ಒಂದು ನಕಲು ತೆಗೆಯುವುದು, ಎಲ್ಲಾದರೂ ಹಾಳಾಗಿದೆಯೇ ಎಂದು ನೋಡುವುದು, ಬೇಗ ಹುಡುಕಲು ಬೇಕಾದ ಸೂಚಿಯನ್ನು ಹೊಸದಾಗಿ ಜೋಡಿಸುವುದು, ಇಷ್ಟು. ಅದು ಮುಗಿಯುವವರೆಗೆ ನಾನು ಪುಸ್ತಕಗಳ ಧೂಳು ಹೊಡೆಯುತ್ತಿದ್ದೆ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಶಿಕ್ಷಣ ಸಂಸ್ಥೆಯವರಿಗೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂದು ನಾಲ್ಕು ಕಡೆ ಲೈಬ್ರರಿಗಳಿದ್ದವು. ಕಾಪುವಿನದ್ದು ನನ್ನ ಕೈಯಲ್ಲಿತ್ತು. ನಾಲ್ಕಕ್ಕೂ ಬೇರೆ ಬೇರೆ ಡೇಟಾಬೇಸ್, ಆದರೆ ಎಲ್ಲವೂ ಮಣಿಪಾಲದ ಒಂದೇ ಸರ್ವರಿನಲ್ಲಿ. ಸರ್ವರ್ ಹಾಳಾಗಿ ನಾನು ಒಂದು ದಿನ ಬೇಗ ಮನೆಗೆ ಬಂದು, ಸರ್ವರ್ ಮಲಗಿದೆ ಎಂದಾಗ ಅತ್ತೆ ತುಳುವಿನಲ್ಲಿ ಕೇಳಿದರು: "ಯಾವ ಹೋಟೆಲಿನವನು? ಜ್ವರವಾ?" ಅವರ ಮಗ, ಎಂದರೆ ನನ್ನ ಗಂಡ, ಮುಂಬಯಿಯ ಹೋಟೆಲಿನಲ್ಲಿ ಕ್ಯಾಶಿಯರ್. ಅವರಿಗೆ ಸರ್ವರ್ ಎಂದರೆ ತಿಂಡಿ ತಂದಿಡುವವನು. ನಾನು ತಿದ್ದಲು ಹೋಗಲಿಲ್ಲ.

ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ, ದೇವರು ಅದನ್ನು ಮುಟ್ಟುವ ಧೈರ್ಯ ಮಾಡಿರಲಿಕ್ಕಿಲ್ಲ. ಮಧ್ಯಾಹ್ನ ಲೈಬ್ರರಿಗೆ ಬೀಗ ಹಾಕಿ, ನಡೆದೇ ಮನೆಗೆ ಹೋಗಿ, ಅವರಿಗೆ ಗಂಜಿ ಉಣಿಸಿ, ಮಗ್ಗುಲು ಬದಲಿಸಿ ಮಲಗಿಸಿ, ತಿರುಗಿ ಬರುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ಕೆಲಸ ಮನೆಯ ಹತ್ತಿರ ಇತ್ತು ಎಂಬ ಒಂದೇ ಕಾರಣಕ್ಕೆ ಸಂಸಾರ ನಡೆಯುತ್ತಿತ್ತು.

ಈಗ ಹೆಸರಿನ ಜಗಳ ಹೇಳಬೇಕು. ಬ್ರಿಟಿಷರ ಕಾಲದಿಂದ ಇಂಗ್ಲಿಷಿನಲ್ಲಿ ನಮ್ಮ ಊರನ್ನು ಕೆ ಎ ಯು ಪಿ ಎಂದು ಬರೆಯುವುದು ರೂಢಿ. ಓದಿದರೆ ಕೌಪ್. ಈ ಊರಿನಲ್ಲಿ ಹುಟ್ಟಿದ ಒಬ್ಬರ ಬಾಯಲ್ಲೂ ಆ ಹೆಸರು ಬರುವುದಿಲ್ಲ. ಮೊದಲು ಕಂಪ್ಯೂಟರ್ ಜೋಡಿಸಲು ಬಂದವರು ನಮ್ಮ ಡೇಟಾಬೇಸಿಗೆ ಅದನ್ನೇ ಇಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. "ಕೌಪ್ ಅಂದರೆ ಎಂತದು? ಕಪ್ಪಾ, ಸಾಸರಾ? ಕಾಪು ಅಂತ ಹಾಕಿ, ಇಲ್ಲದಿದ್ದರೆ ನಾನು ಒಂದು ಪುಸ್ತಕವನ್ನೂ ಒಳಗೆ ಸೇರಿಸುವುದಿಲ್ಲ" ಎಂದೆ. ಈ ಹೆಂಗಸಿನ ಹತ್ತಿರ ವಾದ ಬೇಡ ಎಂದುಕೊಂಡರೋ ಏನೋ, ಕೆ ಎ ಪಿ ಯು ಎಂದು ಇನ್ನೊಂದು ಮಾಡಿಕೊಟ್ಟು ಹೋದರು. ಖಾಲಿ ಕೌಪ್ ಸರ್ವರಿನಲ್ಲಿ ಹಾಗೆಯೇ ಉಳಿಯಿತು. ಅದು ಉಳಿದಿದೆ ಎಂದು ಯಾರೂ ನನಗೆ ಹೇಳಲಿಲ್ಲ.

ಶನಿವಾರ ಫೋನು ಮಾಡುತ್ತಿದ್ದ ಇಂಜಿನಿಯರ್ ಬಂದದ್ದು ಆಮೇಲೆ. ಬಾಗಲಕೋಟೆ ಕಡೆಯವನು, ನಿಟ್ಟೆಯ ಕಾಲೇಜಿನಲ್ಲಿ ಓದಿ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದವನು, ಒಳ್ಳೆಯ ಮನುಷ್ಯ. ನಾಲ್ಕು ಕಡೆಗೂ ಫೋನು ಮಾಡಿ, ಒಂದೊಂದನ್ನೇ ಕೈಯಾರೆ ಸರಿಮಾಡಿ ಅವನಿಗೂ ಸಾಕಾಗಿತ್ತು. ಒಂದು ಶನಿವಾರ ಹೇಳಿದ: "ಇನ್ನ ಮ್ಯಾಲ ನಿಮಗ ತ್ರಾಸ ಕೊಡೂದಿಲ್ರಿ ಮೇಡಂ. ಒಂದು ಪ್ರೋಗ್ರಾಂ ಬರದೀನಿ. ಐತವಾರ ತಾನ ಎದ್ದು ಎಲ್ಲಾ ಡೇಟಾಬೇಸಿಗೂ ತಾನ ಮಾಡ್ತೈತಿ. ಸೋಮವಾರ ಸೆಕ್ರೆಟರಿ ಸಾಹೇಬ್ರಿಗೆ ಓದುಗರು ಎಷ್ಟು, ಪುಸ್ತಕ ಎಷ್ಟು ಹ್ವಾದ್ವು ಅಂತ ರಿಪೋರ್ಟೂ ಕಳಸ್ತೈತಿ." ಪೀಡೆ ತೊಲಗಿತು ಎಂದು ಖುಷಿಯಾಯಿತು.

ಸ್ವಲ್ಪ ಕಾಲ ಎಲ್ಲ ಚೆನ್ನಾಗಿಯೇ ಇತ್ತು. ಬರಬರುತ್ತಾ ಕಂಪ್ಯೂಟರ್ ಮಂದವಾಯಿತು. ಪುಸ್ತಕದ ಹೆಸರು ಕೊಟ್ಟರೆ ತಪಸ್ಸಿಗೆ ಕೂತ ಹಾಗೆ ಕೂರುತ್ತಿತ್ತು. ಓದುಗರು ಕಾದು ಕಾದು, "ಬಿಡಿ ಅಕ್ಕ, ನಾವೇ ಹುಡುಕುತ್ತೇವೆ" ಎಂದು ಕಪಾಟಿನ ಕಡೆ ಹೋಗುತ್ತಿದ್ದರು. ಮಣಿಪಾಲಕ್ಕೆ ಫೋನು ಮಾಡಿದೆ. "ಎಲ್ಲಾ ಬರೋಬರಿ ಐತ್ರಿ ಮೇಡಂ, ರಿಪೋರ್ಟಿನ್ಯಾಗ ನಿಮ್ಮದು ಹಸಿರು ಐತಿ" ಎಂದ. "ಹಸಿರು ಕಟ್ಟಿಕೊಂಡು ನಾನು ಎಂತ ಮಾಡಲಿ ಮಾರಾಯ, ಪಲ್ಯ ಮಾಡಲಾ?" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ಉಡುಪಿಯಲ್ಲಿದ್ದ ಸಂಸ್ಥೆಯ ಕಚೇರಿಯಿಂದ ಕಾಗದ ಬಂತು. ಕೌಪ್ ಶಾಖೆಯಲ್ಲಿ ಹಲವು ತಿಂಗಳಿಂದ ಒಬ್ಬ ಹೊಸ ಓದುಗನೂ ಇಲ್ಲ, ಒಂದು ಪುಸ್ತಕವೂ ಹೊರಗೆ ಹೋಗಿಲ್ಲ, ಆದ್ದರಿಂದ ತಿಂಗಳ ಕೊನೆಗೆ ಅದನ್ನು ಮುಚ್ಚಲಾಗುವುದು, ನೀವು ಕಾರ್ಕಳದ ಲೈಬ್ರರಿಗೆ ಹಾಜರಾಗಬೇಕು. ಓದಿದಾಗ ನನ್ನೆದುರಿನ ಬೆಂಚುಗಳಲ್ಲಿ ಜನ ಕೂತು ಪೇಪರು ಓದುತ್ತಿದ್ದರು.

ಕಾರ್ಕಳಕ್ಕೆ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಮಧ್ಯಾಹ್ನ ಮನೆಗೆ ಬರುವ ಮಾತೇ ಇಲ್ಲ. ಕೆಲಸ ಬಿಡಬೇಕು, ಇಲ್ಲವೇ ಅತ್ತೆಯನ್ನು ಬೆಳಗಿನಿಂದ ಸಂಜೆಯವರೆಗೆ ಹಾಗೇ ಬಿಟ್ಟು ಹೋಗಬೇಕು. ಮನೆಯಲ್ಲಿ ಹೇಳಿದೆ. ಅತ್ತೆ ಬೈದರು. ಸಂಸ್ಥೆಗೆ ಬೈದರು, ಮುಂಬಯಿಯಲ್ಲಿ ಕೂತ ಮಗನಿಗೆ ಬೈದರು, ಕೊನೆಗೆ ನನಗೂ ಬೈದರು: "ಹೋಗು, ಕಾರ್ಕಳಕ್ಕೇ ಹೋಗು. ನನಗೆ ಗಂಜಿ ನಿನ್ನ ಆ ಸರ್ವರ್ ಬಂದು ಕೊಡುತ್ತಾನೆ!" ನಾನೂ ಸುಮ್ಮನಿರಲಿಲ್ಲ.

ಮರುದಿನ ರಜೆ ಹಾಕಿ, ಒಂದು ದಿನದ ಮಟ್ಟಿಗೆ ಅತ್ತೆಯನ್ನು ನೆರೆಮನೆಯವರಿಗೆ ಒಪ್ಪಿಸಿ, ಮಣಿಪಾಲಕ್ಕೆ ಬಸ್ಸು ಹತ್ತಿದೆ. ಕಟಪಾಡಿ ದಾಟುವವರೆಗೆ ನಿಂತೇ ಇದ್ದೆ, ಆಮೇಲೆ ಸೀಟು ಸಿಕ್ಕಿತು, ಕೂರುವ ಮನಸ್ಸಿರಲಿಲ್ಲ. ಮಣಿಪಾಲದಲ್ಲಿ ಇಂಜಿನಿಯರಿನ ಮೇಜಿನ ಮೇಲೆ ಕಾಗದ ಇಟ್ಟು, "ಹಲವು ತಿಂಗಳಿಂದ ನಾನು ಅಲ್ಲಿ ನೊಣ ಹೊಡೆಯುತ್ತಿದ್ದೇನಾ? ತೋರಿಸಿ ನಿಮ್ಮ ರಿಪೋರ್ಟು" ಎಂದೆ.

ತೋರಿಸಿದ. ನಾಲ್ಕು ಹೆಸರು, ನಾಲ್ಕೂ ಹಸಿರು. ಮೂರನೆಯದರ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ನಾನು ಹೆಸರನ್ನು ಒಂದೊಂದೇ ಅಕ್ಷರ ಓದಿದೆ. ಕೆ. ಎ. ಯು. ಪಿ.

"ಇದು ನನ್ನದಲ್ಲ!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಬಂದು ಇಣುಕಿದರು. ಅವನು ಸರ್ವರಿನೊಳಗೆ ಹೋಗಿ ನೋಡಿದ. ಅಲ್ಲಿ ಕಾಪು ಬೇರೆ, ಕೌಪ್ ಬೇರೆ. ಕೈಯಲ್ಲಿ ಮಾಡುವಾಗ ನಾನು ಯಾವುದರಿಂದ ಹೊರಗೆ ಬಂದೆನೋ ಅದನ್ನೇ ಹಿಡಿಯುತ್ತಿದ್ದ. ಪ್ರೋಗ್ರಾಂ ಬರೆಯುವಾಗ ಮಾತ್ರ ಕಚೇರಿಯ ಕಾಗದದ ತಲೆಯಲ್ಲಿ ಅಚ್ಚಾಗಿದ್ದ ಶಾಖೆಗಳ ಹೆಸರು ನೋಡಿ ಹಾಕಿದ್ದ. ಆ ಹೆಸರಿನದ್ದೂ ಒಂದು ಸಿಕ್ಕಿತಲ್ಲ, ಪ್ರೋಗ್ರಾಂ ತಕರಾರು ಮಾಡಲಿಲ್ಲ. ಪ್ರತಿ ಭಾನುವಾರ ಬರಿದಾದ ಮನೆಯನ್ನು ಗುಡಿಸಿ, ಸಾರಿಸಿ, ಎಲ್ಲ ಚೊಕ್ಕಟ ಎಂದು ವರದಿ ಕಳಿಸುತ್ತಿತ್ತು. ನನ್ನ ಕಾಪುವಿಗೆ ಅಷ್ಟು ತಿಂಗಳಿಂದ ಸೂಚಿ ಜೋಡಿಸಿರಲಿಲ್ಲ, ಕಂಪ್ಯೂಟರ್ ಮಂದವಾದದ್ದು ಅದಕ್ಕೇ; ಒಂದು ನಕಲೂ ಇರಲಿಲ್ಲ. ಡಿಸ್ಕು ಕೈಕೊಟ್ಟಿದ್ದರೆ ಮುಗಿಯಿತು, ಇದ್ದದ್ದೆಲ್ಲ ಗೋವಿಂದ.

"ಯವ್ವಾ, ತಪ್ಪಾತ್ರಿ ಮೇಡಂ" ಎಂದ. ಮೊದಲು ನಕಲು ತೆಗೆದ, ಆಮೇಲೆ ಪ್ರೋಗ್ರಾಂ ತಿದ್ದಿದ. ಇನ್ನು ಕಾಗದ ನೋಡಿ ಹೆಸರು ಹಾಕುವುದಿಲ್ಲ. ಸರ್ವರಿನಲ್ಲಿ ಏನೇನಿದೆ ಎಂದು ಪ್ರತಿ ಸಲ ಸರ್ವರನ್ನೇ ಕೇಳಿ, ಇದ್ದಷ್ಟಕ್ಕೂ ಕೆಲಸ ಮಾಡುತ್ತದೆ. ಅಲ್ಲಿಯೇ ಓಡಿಸಿ ತೋರಿಸಿದ. ಹೊಸ ರಿಪೋರ್ಟಿನಲ್ಲಿ ಐದು ಹೆಸರು ಬಂದವು. ಕಾಪುವಿನ ಮುಂದೆ ಓದುಗರು, ಹೋದ ಪುಸ್ತಕ, ಬಂದ ಪುಸ್ತಕ ಎಲ್ಲ ಇತ್ತು. ಅವನಿಗೆ ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಮರೆತುಬಿಟ್ಟೆ.

ಅದನ್ನು ಅಚ್ಚು ಹಾಕಿಸಿಕೊಂಡು ಉಡುಪಿಗೆ ಇಳಿದೆ. ಸೆಕ್ರೆಟರಿ ಕನ್ನಡಕ ಏರಿಸಿ ಎರಡೆರಡು ಸಲ ನೋಡಿದರು. "ನೋಡಿ ಅಮ್ಮಾ, ಇದು ಸಭೆಯಲ್ಲಿ ಆದ ತೀರ್ಮಾನ. ಹಾಗೆಲ್ಲ ತಿರುಗಿಸಲಿಕ್ಕೆ ಬರುವುದಿಲ್ಲ" ಎಂದರು. ಅತ್ತೆಯ ವಿಷಯ ಹೇಳಿದೆ. ಯಾರೆದುರೂ ಹಾಗೆ ಅಂಗಲಾಚಿದವಳಲ್ಲ ನಾನು, ಆವತ್ತು ಅಂಗಲಾಚಿದೆ.

ಅವರು ಸಭೆಯ ತೀರ್ಮಾನ ಬರೆದಿಟ್ಟ ಪುಸ್ತಕ ತರಿಸಿ, ಬೆರಳಿಟ್ಟು ಓದಿದರು. ಮತ್ತೆ ರಿಪೋರ್ಟು ನೋಡಿದರು. "ಇದರಲ್ಲಿ ಮುಚ್ಚಬೇಕು ಅಂತ ಇರುವುದು ಕೌಪ್. ನಿಮ್ಮದು ಕಾಪು ಅಲ್ವಾ?"

"ಹೌದು ಸಾರ್."

"ಕಾಪು ಮುಚ್ಚಿ ಅಂತ ನಾವು ಹೇಳಲೇ ಇಲ್ಲವಲ್ಲ. ಕೌಪ್ ಮುಚ್ಚುವ. ನೀವು ಕಾಪುವಿನಲ್ಲೇ ಇರಿ."

ಅವರು ತಮಾಷೆ ಮಾಡುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ಗಂಭೀರವಾಗಿಯೇ ಇದ್ದರು. ಅಲ್ಲ ಸಾರ್, ಎರಡೂ ಒಂದೇ ಊರು, ಉಡುಪಿಯಿಂದ ಒಂದು ಬಸ್ಸು ಹತ್ತಿ ಬಂದು ನೋಡಲಿಕ್ಕೆ ನಿಮಗೆ ಎಂತ ಧಾಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು, ಕೈ ಮುಗಿದು ಹೊರಗೆ ಬಂದೆ. ವಾರದೊಳಗೆ ಅದೇ ಪ್ರಕಾರ ಕಾಗದವೂ ಬಂತು: ಕೌಪ್ ಶಾಖೆಯನ್ನು ಮುಚ್ಚಲಾಗಿದೆ, ಕಾಪು ಶಾಖೆ ಎಂದಿನಂತೆ ನಡೆಯತಕ್ಕದ್ದು.

ಕಾಗದ ಬಂದ ದಿನ ಮಧ್ಯಾಹ್ನ ಗಂಜಿ ಉಣಿಸುತ್ತಾ ಅತ್ತೆಗೆ ಎಲ್ಲ ವಿವರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಕಾರ್ಕಳಕ್ಕೆ ಹೋಗಲಿಕ್ಕಿಲ್ಲ ಅಲ್ವಾ?" ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಎಡಗೈಯಿಂದ ನನ್ನ ಮುಂಗೈ ಹಿಡಿದುಕೊಂಡರು. ಚಮಚ ನನ್ನ ಆ ಕೈಯಲ್ಲೇ ಇತ್ತು. ಬಿಡಿ ಅತ್ತೆ, ಗಂಜಿ ತಣಿಯುತ್ತದೆ ಎಂದರೂ ಅವರು ಬಿಡಲಿಲ್ಲ.