ಹಾಲವ್ವನಿಗಾಗಿ ಕೂಡಿಸಿದ ಕೆಂಪು ದೀಪ

ಕುರಿ ಕಾಯುವ ಮನೆತನದ ಅಮೋಗಸಿದ್ದ ಸ್ಟಿಯರಿಂಗ್ ಹಿಡಿದದ್ದು ಉಟಗಿ ಊರವರಿಗೆಲ್ಲ ಸೋಜಿಗ. ಸೊಲ್ಲಾಪುರದ ಗ್ಯಾರೇಜೊಂದರಲ್ಲಿ ನಾಲ್ಕು ವರ್ಷ ದುಡಿದು, ೧೯೬೬ರಲ್ಲಿ ಹಳೆಯ ಜೀಪೊಂದನ್ನು ತಂದು, ಎಸ್.ಟಿ. ಬಸ್ಸು ತಪ್ಪಿದವರನ್ನು ಜತ್ತ ಪಟ್ಟಣಕ್ಕೆ ಸಾಗಿಸತೊಡಗಿದ. ಸುತ್ತಲಿನ ಹಳ್ಳಿಗಳಿಂದ ಹೆರಿಗೆಗೆ ಕರೆ ಬಂದರೆ ಸೂಲಗಿತ್ತಿ ಹಾಲವ್ವನನ್ನು ಕರೆದೊಯ್ಯುವವನೂ ಅವನೇ. ಊರಲ್ಲಿ ಅರ್ಧ ಮಂದಿಯ ಹಾಗೆ ಅವನೂ ಅವಳ ಕೈಯಲ್ಲೇ ಭೂಮಿಗೆ ಬಿದ್ದವನು. ಅವಳನ್ನು ಆಯಿ ಎಂದೇ ಕರೆಯುತ್ತಿದ್ದ.

ಒಂದು ಮಧ್ಯಾಹ್ನ ಹಾಲವ್ವನನ್ನು ಕೂರಿಸಿಕೊಂಡು ಹೊರಟಾಗ ದಾರಿಯಲ್ಲಿ ರೇಡಿಯೇಟರಿಗೆ ನೀರು ಹಾಕಿದ. ಬಾನೆಟ್ ಇಳಿಸಿದ, ಆದರೆ ಎರಡೂ ಬದಿಯ ಕೊಂಡಿ ಹಾಕುವುದನ್ನು ಮರೆತ. ಇಳಿಜಾರಿನಲ್ಲಿ ಜೀಪು ವೇಗ ಹಿಡಿದದ್ದೇ ತಡ, ಬಾನೆಟ್ ಗಾಳಿಗೆ ಎದ್ದು ಮುಂದಿನ ಗಾಜಿಗೆ ಧಡಾರನೆ ಬಡಿಯಿತು. ಎದುರಿಗೆ ಬರೀ ತಗಡು. ಅಮೋಗಸಿದ್ದ ಪಕ್ಕಕ್ಕೆ ತಲೆ ಚಾಚಿ, ಅಂದಾಜಿನ ಮೇಲೆ ತಿರುಗಿಸಿ, ಕೊಯ್ದ ಜೋಳದ ಹೊಲದಲ್ಲಿ ಗಾಡಿ ನಿಲ್ಲಿಸಿದ. ಹಾಲವ್ವನ ಹಣೆ ಬಾತಿತ್ತು.

"ಆಯಿ, ತಪ್ಪಾತು. ಕೊಂಡಿ ಹಾಕೂದು ಮರ್ತೆ."

"ತಪ್ಪ ಯಾರಿಗಿಲ್ಲೊ ಮಗಾ? ಆದ್ರ ನಾ ಮತ್ತ ಇದರಾಗ ಕುಂದ್ರಂಗಿಲ್ಲ. ನನ್ನ ಜೀವದ ಅಂಜಿಕಿ ಅಲ್ಲ. ಬ್ಯಾನಿ ತಿನ್ನಾಕಿ ಅಲ್ಲಿ ನನ್ನ ದಾರಿ ನೋಡತಿರತಾಳ, ನಾ ಹೋಗಿ ಮುಟ್ಟಬೇಕಲ್ಲ!"

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿ ನಡೆದೇ ಹೋದಳು. ಮುಂದೆ ಎರಡು ತಿಂಗಳು ನೆರೆಯ ಅಸಂಗಿಗೂ ನಡೆದಳು, ಬಾಲಗಾಂವಕ್ಕೂ ನಡೆದಳು. ಹಿಂದಿನಿಂದ ಬಂದು ಜೀಪು ನಿಧಾನ ಮಾಡಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಮೋಗಸಿದ್ದ ಮತ್ತೆ ಹೋಗಿ ತಪ್ಪೊಪ್ಪಿಕೊಂಡರೂ ಅವಳು ಜಗ್ಗಲಿಲ್ಲ.

"ಬಾಯಿಮಾತಿಗೆ ಆಯಿ ಒಲಿಯಂಗಿಲ್ರಿ," ಎಂದಳು ಹೆಂಡತಿ ದುಂಡವ್ವ. "ನಿಮ್ಮ ಮರುವಿಗೆ ಏನರ ಔಷಧ ಮಾಡ್ರಿ."

ಮಾಡಿದ. ಸೈಕಲ್ ಟ್ಯೂಬಿನ ಹಿತ್ತಾಳೆ ವಾಲ್ವು, ಹಳೆಯ ಟಾರ್ಚಿನ ಸ್ಪ್ರಿಂಗು, ಒಂದು ಮೊಳೆ, ಒಂದು ಕೆಂಪು ಬಲ್ಬು. ಬಾನೆಟ್ ಬಂದು ಕೂರುವ ಜಾಗದಲ್ಲಿ, ವಾಲ್ವಿನ ಕೊಳವೆಯೊಳಗೆ, ಸ್ಪ್ರಿಂಗಿನ ಮೇಲೆ ಮೊಳೆಯನ್ನು ನಿಲ್ಲಿಸಿ, ತಂತಿ ಎಳೆದು, ಬಲ್ಬನ್ನು ಸ್ಟಿಯರಿಂಗಿನ ಪಕ್ಕ ಕೂಡಿಸಿದ. ಮೊದಲ ಸಲ ಬಾನೆಟ್ ಮುಚ್ಚಿದರೆ ದೀಪ ಹತ್ತುತ್ತಿತ್ತು, ತೆರೆದರೆ ಆರುತ್ತಿತ್ತು. ಎಲ್ಲ ಬಿಚ್ಚಿ ಮತ್ತೆ ಕಟ್ಟಿದ. ಸರಿಯಾದ ಮೇಲೆ ಗಾಡಿಯನ್ನು ಹಾಲವ್ವನ ಬಾಗಿಲಿಗೇ ಒಯ್ದ.

"ನೋಡ ಆಯಿ. ಬಾನೆಟ್ ಗಟ್ಟಿ ಕುಂತ್ರ ಈ ಮೊಳಿ ಒಳಗ ಹೋಗತೈತಿ, ತಂತಿ ಬಿಡತೈತಿ, ದೀಪ ಇಲ್ಲ. ಒಂದ ಬೆರಳ ಎದ್ರೂ ಸ್ಪ್ರಿಂಗ್ ಮೊಳಿನ್ನ ಎತ್ತತೈತಿ, ತಂತಿ ಮುಟ್ಟತೈತಿ, ದೀಪ ಹತ್ತತೈತಿ. ನಾ ಮರ್ತ್ರೂ ಅದು ಮರಿಯಂಗಿಲ್ಲ."

ಹಾಲವ್ವ ತಾನೇ ಹತ್ತು ಸಲ ಬಾನೆಟ್ ಎತ್ತಿದಳು, ಇಳಿಸಿದಳು. ಆಮೇಲೆ ಕೇಳಿದಳು: "ಬಲ್ಬ್ ಸುಟ್ಟ ಹೋಗಿದ್ರ? ಆವಾಗೂ ದೀಪ ಇರಂಗಿಲ್ಲ. ನೀ ಎಲ್ಲಾ ಚಲೋ ಐತಿ ಅಂತ ಹೊಂಟ ಬಿಡತಿ."

 ವಾರಗಟ್ಟಲೆ ತಲೆ ಕೆಡಿಸಿಕೊಂಡರೂ ಅಮೋಗಸಿದ್ದನಿಗೆ ಇದು ಹೊಳೆದಿರಲಿಲ್ಲ. ಹಾಲವ್ವನೇ ದಾರಿ ತೋರಿಸಿದಳು: "ಹೊಂಡೂಕಿಂತ ಮೊದ್ಲ ಎತ್ತಿ ಹತ್ತಿದ್ದು ತೋರ್ಸು, ಮುಚ್ಚಿ ಆರಿದ್ದು ತೋರ್ಸು. ಅಂದ್ರ ಕುಂದರತೀನಿ."

ಆ ಮಳೆಗಾಲದಲ್ಲಿ ಬಾಲಗಾಂವದ ಶೇವಂತಾಳಿಗೆ ನೋವು ಕಾಣಿಸಿಕೊಂಡು ಕರೆ ಬಂತು. ದೀಪ ಹತ್ತಿ ಆರಿದ್ದನ್ನು ನೋಡಿಯೇ ಹಾಲವ್ವ ಜೀಪು ಏರಿದಳು. ಅರ್ಧ ದಾರಿಯಲ್ಲಿ, ತಗ್ಗು ದಿಣ್ಣೆಯ ಕುಲುಕಾಟದಲ್ಲಿ, ಕೆಂಪು ದೀಪ ಮಿಣಿಮಿಣಿ ಎಂದಿತು.

"ಹತ್ತೇತಿ, ನಿಲ್ಸೋ!" ಅವಳ ಕೂಗಿಗೂ ಮೊದಲೇ ಅಮೋಗಸಿದ್ದ ಬ್ರೇಕ್ ಒತ್ತಿದ್ದ. ಇಳಿದು ನೋಡಿದರೆ ಒಂದು ಕೊಂಡಿ ಮುರಿದು ನೇತಾಡುತ್ತಿತ್ತು, ಇನ್ನೊಂದು ಸಡಿಲವಾಗಿ ಜಾರುತ್ತಿತ್ತು. ಹಾಲವ್ವ ತನ್ನ ಚೀಲದ ಹಗ್ಗ ಬಿಚ್ಚಿಕೊಟ್ಟಳು. ಅವನು ಬಾನೆಟ್ಟನ್ನು ಬಂಪರಿಗೆ ಬಿಗಿದು ಕಟ್ಟಿದ. ದೀಪ ಆರಿತು. ಹೊತ್ತು ಮುಳುಗುವ ಮೊದಲೇ ಶೇವಂತಾ ಹೆಣ್ಣು ಹೆತ್ತಳು; ತಾಯಿ ಮಗು ಇಬ್ಬರೂ ಕ್ಷೇಮ. ಅಂಗಳದಲ್ಲಿ ಕಾಯುತ್ತಿದ್ದವನ ಬೆನ್ನಿಗೆ ಹಾಲವ್ವ ಒದ್ದೆ ಕೈಯಿಂದಲೇ ಒಂದು ಗುದ್ದು ಕೊಟ್ಟು, "ಶಾಣ್ಯಾ ಆದಿ ನೋಡು," ಎಂದಳು.

ಕೆಲವು ದಿನಗಳಲ್ಲೇ ಅಸಂಗಿಯಲ್ಲಿ ಜೀಪು ಓಡಿಸುವ ಶ್ರೀಶೈಲಪ್ಪ ಹುಡುಕಿಕೊಂಡು ಬಂದ. "ದೀಪ ಇಲ್ಲಂದ್ರ ನಿನ್ನ ಜೀಪ ಹತ್ತಂಗಿಲ್ಲ ಅಂತ ಹಾಲವ್ವ ಊರ ಮುಂದ ಮರ್ಯಾದಿ ತಗದ್ಳೊ ಮಾರಾಯಾ. ನನಗೂ ಒಂದು ಕೂಡ್ಸಿ ಕೊಡು."

ಅಮೋಗಸಿದ್ದ ನಗುತ್ತಲೇ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾಕ್ಕೆ ಹೇಳಿ, ಅವನ ಜೀಪಿನ ಬಾನೆಟ್ ಎತ್ತಿದ.