ಹರಿದ ಕಿವಿಯ ಆಕಳು

ನಿನ್ನೆ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಎಂದಿತು. ನಗಬೇಡಿ, ಒಳಗೆ ಹಾವೇನೂ ಇರಲಿಲ್ಲ, ನನ್ನದೇ ಅಕ್ಷರದ ಒಂದು ನೋಟುಬುಕ್ಕಿತ್ತು. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಅದನ್ನು ಕೇಳಿ ಪತ್ರ ಬರೆದಿದ್ದಾಳೆ.

ಹನ್ನೆರಡು ವರ್ಷದ ಹಿಂದೆ, 1974ರ ಸುಮಾರಿಗೆ, ಹುಮನಾಬಾದಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನಗೂ ಪ್ರಬಂಧ ಬರೆದು ಡಾಕ್ಟರ್ ಎನಿಸಿಕೊಳ್ಳುವ ಹುಚ್ಚಿತ್ತು. ರಜೆ ಬಂದರೆ ಬಸವಕಲ್ಯಾಣದವರೆಗೆ ಬಸ್ಸು, ಅಲ್ಲಿಂದ ನಾರಾಯಣಪುರದ ಆಚೆ ಬೀಡುಬಿಟ್ಟಿದ್ದ ಅಲೆಮಾರಿ ಬೇಟೆಗಾರರಾದ ಪಾರಧಿಗಳ ಕಡೆ ನಡಿಗೆ. ಮೇಯುವ ಆಕಳ ಮರೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಸರಿದು ಕವುಜುಗ ಹಕ್ಕಿಗೆ ಉರುಲು ಒಡ್ಡುವುದು ಅವರಿಗೆ ಅನ್ನ ಕೊಟ್ಟ ವಿದ್ಯೆ. ಅದು ಅಪರಾಧವೆಂಬ ಕಾಯ್ದೆ ಆಗಷ್ಟೇ ಬಂದಿತ್ತು. ಅಪ್ಪ-ಅಜ್ಜಂದಿರ ಕಾಲದಿಂದ ಹುಟ್ಟಾ ಕಳ್ಳರೆಂಬ ಹಣೆಪಟ್ಟಿ ಹೊತ್ತು ಪೊಲೀಸರ ಮುಂದೆ ಹಾಜರಿ ಹಾಕಿದ ಜನಕ್ಕೆ ಈಗ ಅರಣ್ಯ ಗಾರ್ಡಿನ ಭಯವೂ ಸೇರಿತ್ತು.

ಅಲ್ಲಿಯ ಹಿರಿಯಳು ಜನಾಬಾಯಿ ಮೊದಲ ದಿನವೇ ಮಾತು ತೆಗೆದುಕೊಂಡಿದ್ದಳು. "ನಮ್ಮ ಹೆಸರ ಬರೀಬ್ಯಾಡ್ರಿ ಮಾಸ್ತರ್. ಬರದ ಹೆಸರ ತಾನಾಗೇ ಠಾಣೇಕ್ಕ ನಡೀತದ."

ಎಲ್ಲರ ಹೆಸರೂ ಬದಲಿಸಿದೆ. ಬೇಟೆಗೆ ಮರೆಯಾಗುವ ಅವಳ ಆಕಳನ್ನು ಮಾತ್ರ, ಬಿಳಿ ಮೈ, ಹರಿದ ಎಡಗಿವಿ ಸಹಿತ ನಿಷ್ಠೆಯಿಂದ ಬರೆದೆ. "ಇದು ಇವರಿಗೆ ಮನೆಮಗಳು" ಎಂಬ ಸಾಲನ್ನಷ್ಟೇ ಅವಳಿಗೆ ಓದಿ ಹೇಳಿದೆ. ಎಂಥ ದೊಡ್ಡ ಸತ್ಯ ಕಂಡುಹಿಡಿದೆನೆಂದು ಆ ದಿನವೆಲ್ಲ ಬೀಗಿದ್ದೆ.

ಒಂದು ಮಧ್ಯಾಹ್ನ ಬಸವಕಲ್ಯಾಣದ ಚಹಾ ಅಂಗಡಿಯಲ್ಲಿ ಗಾರ್ಡು ಬಂದು ಪಕ್ಕದಲ್ಲೇ ಕೂತ. "ಏನ್ ಬರ್ಯಾಕತ್ತೀರಿ ಸಾಹೇಬ್ರ?" ಎನ್ನುತ್ತ ನೋಟುಬುಕ್ಕು ಎತ್ತಿಕೊಂಡ. ಹೆಸರಿಲ್ಲವಲ್ಲ ಎಂದು ನಾನೂ ತಡೆಯಲಿಲ್ಲ. ಹಾಳೆ ಮಗುಚುತ್ತಿದ್ದ ಬೆರಳು ಒಂದು ಕಡೆ ನಿಂತಿತು.

"ಈ ಕಿವಿ ನಾ ನೋಡೀನಿ," ಎಂದವನೇ ಅರ್ಧ ಚಹಾ ಬಿಟ್ಟು ಸೈಕಲ್ ಹತ್ತಿದ.

ನಾನು ಓಡಿದೆ. ಬೀಡು ಮುಟ್ಟುವಷ್ಟರಲ್ಲಿ ಜನಾಬಾಯಿಯ ಮಗನನ್ನೂ ಆಕಳನ್ನೂ ಅವನು ಹಿಡಿದೊಯ್ದಿದ್ದ.

"ಹೆಸರ ನಾ ಬರದಿಲ್ಲ ಬಾಯಿ," ಎಂದೆ. ಥೂ, ಎಂಥ ಹೇಡಿಮಾತು!

ಅವಳು ಬೈಯಲಿಲ್ಲ. "ಮನಿಮಗಳಂತ ನೀವೇ ಓದಿ ಹೇಳಿದ್ರಿ. ಮಗಳ ಗುರ್ತ ಯಾರಿಗರೆ ಕೊಡತಾರೇನ್ರಿ?"

ಕೆಲವು ವಾರಗಳ ಮೇಲೆ ಮಗ ಬಂದ. ಆಕಳು ಬರಲಿಲ್ಲ. ಬೀಡು ಎದ್ದುಹೋಯಿತು, ಡಾಕ್ಟರ್ ಆಗುವ ಹುಚ್ಚೂ ಬಿಟ್ಟಿತು.

ಹುಡುಗಿಗೆ, ಇಲ್ಲಮ್ಮ, ಕಳೆದುಹೋಗಿದೆ ಎಂದು ಇವತ್ತು ಬರೆದು ಹಾಕಿದೆ. ನೋಟುಬುಕ್ಕು ಬಚ್ಚಲ ಒಲೆಗೆ ಹೋಯಿತು. ನಿಮ್ಮಲ್ಲೂ ಒಂದು ತಪ್ಪೊಪ್ಪಿಗೆ: ನಾನು ಹೇಳಿದ ಹೆಸರು, ಊರು, ಮೈಬಣ್ಣ, ಕಿವಿ ಯಾವುದೂ ನಿಜವಲ್ಲ. ಜನಾಬಾಯಿಯ ಮೊಮ್ಮಕ್ಕಳು ಎಲ್ಲೋ ಇದ್ದಾರೆ, ಅವರ ಹತ್ತಿರವೂ ಒಂದು ಆಕಳಿರಬಹುದು.